ಗಿಣಿಯ ಜಾಗದಲ್ಲಿ ಕೂತಿರುವ ಕಪ್ಪೆ

ಮಂಗಳವಾರ, ಮಧ್ಯಾಹ್ನ

ನನ್ನ ಗೊದಮೊಟ್ಟೆಗೆ,

ಅಮ್ಮನಿಂದ ಕೆನ್ನೆಗೊಂದು ಮುತ್ತು, ತಲೆಗೊಂದು ಮೊಟಕು. ಎರಡೂ ಒಟ್ಟಿಗೇ ಯಾಕೆ ಎನ್ನುವುದು ಓದುತ್ತ ಹೋದಂತೆ ನಿನಗೇ ಗೊತ್ತಾಗುತ್ತದೆ.

ಈ ಕಾಗದ ತಲುಪುವುದಕ್ಕೆ ಮುಂಚೆಯೇ ಚಿಕ್ಕಮ್ಮ ಫೋನು ಮಾಡಿ ಒಂದೇ ಒಂದು ಮಾತು ಹೇಳಿರುತ್ತಾಳೆ, ಹೊಸ ಕಪ್ಪೆಯನ್ನು ಈಗಿಂದೀಗ ತೆಗೆದು ಬೇರೆ ಡಬ್ಬದಲ್ಲಿ ಇಡಬೇಕಂತೆ ಎಂದು. ಅದನ್ನು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಫೋನು ಮುಗಿಯುವವರೆಗೂ ಅಳಿಸಕೂಡದು ಎಂದು ಸ್ಲೇಟನ್ನೇ ಅವಳ ಕೈಗೆ ಕೊಟ್ಟು ಕಳಿಸಿದ್ದೇನೆ. ಇಲ್ಲದಿದ್ದರೆ ಹೋದ ಸಲದ ಕಥೆಯೇ ಆಗುತ್ತದೆ. ಹೋದ ಸಲ, ಕಪ್ಪೆಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿದ್ದೀಯೆಂದು ತಿಳಿದು, ಮೂರು ಜಾತಿಯನ್ನೂ ಬೇರೆ ಬೇರೆ ಮಾಡು ಎಂದು ನಿನಗೆ ತಿಳಿಸಲು ಕಳಿಸಿದೆ. ಅವಳು ತನ್ನ ಮಂಡಿನೋವು, ಕ್ಯಾಂಟೀನಿನವನ ನೀರು ಹಾಲು, ಲಿಫ್ಟು ಕೆಟ್ಟದ್ದು, ಎಲ್ಲವನ್ನೂ ಹೇಳಿ ಮುಗಿಸಿ, ಕೊನೆಗೆ "ನಿಮ್ಮಮ್ಮ ಕಪ್ಪೆ ಬಗ್ಗೆ ಏನೋ ಬರೆದಿದ್ಲು ಕಣೇ, ಎಲ್ಲಾ ಚೆನ್ನಾಗಿದಾವೆ ತಾನೆ?" ಎಂದು ಕೇಳಿ ಬಂದಳು. ನೀನು ಹೂಂ ಎಂದೆಯಂತೆ. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ಇವಳು ಆ ಇಲಿಯನ್ನೂ ಬಿಟ್ಟು ಬಂದಳು.

ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ನನಗೆ ಉಳಿದಿರುವುದು ಈ ಸ್ಲೇಟು ಮತ್ತು ಕಾಗದ. ಮೊಬೈಲಿನಲ್ಲಿ ಒಂದು ಅಕ್ಷರ ಒತ್ತಿದರೆ ಇನ್ನೊಂದು ಮೂಡುತ್ತದೆ. ಮೇಲಾಗಿ ಅದು ಚಿಕ್ಕಮ್ಮನ ಮೊಬೈಲು, ಬಂದದ್ದನ್ನೂ ಹೋದದ್ದನ್ನೂ ಅವಳು ಇಡೀ ವಾರ್ಡಿಗೆ ಓದಿ ಹೇಳುತ್ತಾಳೆ. ಪಾಪ, ತನ್ನ ಮನೆ ಹತ್ತಿರವಿದೆ ಎನ್ನುವ ಒಂದೇ ತಪ್ಪಿಗೆ ದಿನಾ ಬಂದು ನನ್ನ ಪಕ್ಕ ಕೂರುತ್ತಾಳೆ. ಆದರೆ ನನಗೆ ದನಿಯ ಜೊತೆಗೆ ಕಿವಿಯೂ ಹೋಗಿದೆ ಎಂದು ಅವಳ ನಂಬಿಕೆ. ನಾನು ‘ನೀರು’ ಎಂದು ಬರೆದರೆ, "ತಣ್ಣಗಿರೋದಾ? ಬಿಸೀದಾ?" ಎಂದು ಆಸ್ಪತ್ರೆಯ ಗೇಟಿಗೆ ಕೇಳುವಂತೆ ಕೂಗುತ್ತಾಳೆ. ಕಾಲೇಜಿನ ಲ್ಯಾಬಿನಲ್ಲಿ ನಾನು ಅಟೆಂಡರಾಗಿದ್ದಾಗ ಹುಡುಗರು ನನ್ನನ್ನು ಮೈಕಮ್ಮ ಎನ್ನುತ್ತಿದ್ದರಲ್ಲ, ಈಗ ಮೈಕು ಕೆಟ್ಟು ತಂಗಿ ಸ್ಪೀಕರು ಆಗಿದ್ದಾಳೆ.

ವಿಷಯಕ್ಕೆ ಬರುತ್ತೇನೆ. ನೀನು ಶುಕ್ರವಾರ ಕಳಿಸಿದ ಫೋಟೋ ನೋಡಿದೆ. ಎಲ್ಲರೂ ಕ್ಷೇಮ, ಎಲ್ಲರೂ ನಿನ್ನ ದಾರಿ ನೋಡುತ್ತಿದ್ದಾರೆ ಎಂದು ಕೆಳಗೆ ಬರೆದಿದ್ದೀಯ. ಹೊಸ ದೊಡ್ಡ ಗಾಜಿನ ಪೆಟ್ಟಿಗೆ. ಕೆಳಗೆ ಮಣ್ಣಿನಲ್ಲಿ ಅರ್ಧ ಹೂತುಕೊಂಡು, ಬಾಯಿಯೇ ಮೈಯಾಗಿರುವ ದಪ್ಪ ಕಪ್ಪೆ, ನಮ್ಮ ಸಾಹುಕಾರ. ನೀರಿನ ಬಟ್ಟಲಿನಲ್ಲಿ ಕೆಂಪುಹೊಟ್ಟೆಯ ಮೂರು ಕಪ್ಪೆಗಳು, ನಮ್ಮ ತ್ರಿಮೂರ್ತಿಗಳು. ಮೇಲೆ ಎಲೆಗಳ ನಡುವೆ ಹಸಿರು ಮರಗಪ್ಪೆಗಳು ಎರಡು, ಸೊಪ್ಪು ಮತ್ತು ಗಿಣಿ. ಚಿಕ್ಕಮ್ಮ ಬೆರಳಿಟ್ಟು ಎಣಿಸಿ, ಆರೂ ಇವೆ ನೋಡು, ಸುಮ್ಮನೆ ಒದ್ದಾಡುತ್ತಿದ್ದೆ ಎಂದು ನನ್ನನ್ನೇ ಗದರಿದಳು. ಆರು ಇರುವುದು ನಿಜ. ಆದರೆ ಮಗಳೇ, ಗಾಜಿಗೆ ಅಂಟಿಕೊಂಡು ಕೂತಿರುವುದು ಗಿಣಿಯಲ್ಲ.

ಗಿಣಿಯ ಎಡಗೈಯ ಒಂದು ಬೆರಳಿಗೆ ತುದಿ ಇಲ್ಲ. ಅಂಗಡಿಯಿಂದ ತಂದಾಗಲೇ ಇರಲಿಲ್ಲ, ಅದಕ್ಕೇ ಯಾರೂ ಕೊಳ್ಳದೆ ಮೂಲೆಯಲ್ಲಿ ಉಳಿದಿತ್ತು. ಗಾಜನ್ನು ಹತ್ತುವಾಗ ಆ ಕೈ ಜಾರಿ ಜಾರಿ ಬರುತ್ತಿತ್ತು. ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಇದಕ್ಕೆ ಎಲ್ಲ ಬೆರಳಿನ ತುದಿಯಲ್ಲೂ ದುಂಡನೆಯ ಬಿಲ್ಲೆ ಲಕ್ಷಣವಾಗಿ ಇದೆ. ದಿನವಿಡೀ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ನನ್ನ ಮಗಳು ಇದನ್ನು ನೋಡದೆ ಹೋದಳಲ್ಲ ಎಂದು ಮೊದಲು ನಗು ಬಂತು. ಆಮೇಲೆ, ನೀನು ಅಂಗಡಿ ಅಂಗಡಿ ಅಲೆದು, ಅದೇ ಹಸಿರು, ಅದೇ ಗಾತ್ರ ಹುಡುಕಿ ತಂದು, ಅದನ್ನು ಅದೇ ಮೂಲೆಯಲ್ಲಿ ಕೂರಿಸಿ, ಅದು ಮುಖ ತಿರುಗಿಸುವ ತನಕ ಮೊಬೈಲು ಹಿಡಿದು ಕಾದದ್ದು ಕಣ್ಣಿಗೆ ಕಟ್ಟಿತು. ಅತ್ತುಬಿಟ್ಟೆ. ದನಿ ಇಲ್ಲದವಳು ಅಳುವುದರಲ್ಲಿ ಒಂದು ಅನುಕೂಲವಿದೆ, ಪಕ್ಕದ ಹಾಸಿಗೆಯವರಿಗೂ ಗೊತ್ತಾಗುವುದಿಲ್ಲ.

ಏನಾಯಿತು ಎಂದು ನೀನು ಬರೆಯಬೇಕಾಗಿಲ್ಲ, ನನಗೆ ಗೊತ್ತು. ಮೊದಲು ಸಾಹುಕಾರನ ಮೇಲೆ ಅನುಮಾನ ಪಟ್ಟೆ. ಅವನ ಬಾಯಿಗೆ ಹಿಡಿಸುವುದೆಲ್ಲ ಅವನ ಪಾಲಿಗೆ ಊಟ. ಕಟ್ಟಿಕೊಂಡ ಹೆಂಡತಿಯನ್ನು ಪಕ್ಕದಲ್ಲಿ ಬಿಟ್ಟರೂ ನುಂಗಿ, ಆಮೇಲೆ ಎಲ್ಲಿ ಹೋದಳು ಎಂದು ಹುಡುಕುವ ಜಾತಿ. ಆದರೆ ಗಿಣಿಯನ್ನು ನುಂಗಿದ್ದರೆ ಅವನು ಫೋಟೋದಲ್ಲಿ ಚೆಂಡಿನ ಹಾಗೆ ಕಾಣಬೇಕಿತ್ತು. ಹೊಟ್ಟೆ ಎಂದಿನಷ್ಟೇ ಇದೆ. ಈ ಸಲ ಅವನು ನಿರಪರಾಧಿ. ಗಿಣಿ ಹೋದದ್ದು ನೀರಿನಿಂದ. ಆ ಕೆಂಪುಹೊಟ್ಟೆಗಳ ಚರ್ಮದಲ್ಲಿ ವಿಷವಿದೆ. ಅವಕ್ಕೇನೂ ಆಗುವುದಿಲ್ಲ. ಆದರೆ ಅವು ಹಗಲೆಲ್ಲ ಮುಳುಗೆದ್ದ ನೀರಿನಲ್ಲಿ ಸಂಜೆ ಮರಗಪ್ಪೆ ಇಳಿದು ಕೂತರೆ, ಆ ನೀರು ಅದರ ಚರ್ಮದಿಂದಲೇ ಒಳಗೆ ಹೋಗುತ್ತದೆ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ ಕಣೇ, ಮೈಯಲ್ಲೇ ಕುಡಿಯುತ್ತದೆ. ಮೂರು ಪೆಟ್ಟಿಗೆ ಇದ್ದಾಗ ಮೂರು ಬಟ್ಟಲಿದ್ದವು. ಪೆಟ್ಟಿಗೆ ಒಂದಾದಾಗ ಬಟ್ಟಲೂ ಒಂದೇ ಆಯಿತು. ಇದರಲ್ಲಿ ಯಾರದೂ ಕೆಟ್ಟತನವಿಲ್ಲ. ತ್ರಿಮೂರ್ತಿಗಳು ಬೇಕೆಂದು ಮಾಡಿದ್ದಲ್ಲ, ಅವು ಅವುಗಳ ಪಾಡಿಗೆ ಸ್ನಾನ ಮಾಡಿದವು.

ಕಳೆದ ವಾರ ವಿಡಿಯೋ ಫೋನಿನಲ್ಲಿ ನಿನ್ನ ಕಣ್ಣು ಕೆಂಡದ ಹಾಗಿತ್ತು, ಗಾಜಿನ ಪುಡಿ ಬಿತ್ತಂತೆ ಎಂದು ಚಿಕ್ಕಮ್ಮ ಹೇಳಿದಳು. ಗಾಜಿನ ಪುಡಿಯಲ್ಲ ಅದು. ಗಿಣಿಯನ್ನು ಆ ನೀರಿನಿಂದ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಿದ್ದೀಯ, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಿದ್ದೀಯ. ಇನ್ನೂ ಉರಿ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸು, ಸಂಕೋಚ ಮಾಡಬೇಡ. ಕಪ್ಪೆ ಮುಟ್ಟುವ ಮುಂಚೆ ಕೈ ತೊಳಿ, ಮುಟ್ಟಿದ ಮೇಲೂ ತೊಳಿ ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆನಲ್ಲ, ಬಾಯಿ ಇದ್ದ ಕಾಲದಲ್ಲಿ.

ನನಗೆ ಕೋಪವಿಲ್ಲ. ಸ್ವಲ್ಪವೂ ಇಲ್ಲ ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಸ್ವಲ್ಪ ಇದೆ ಎಂದೇ ಇಟ್ಟುಕೋ. ನೀನು ಪೆಟ್ಟಿಗೆಗಳನ್ನು ಒಂದು ಮಾಡಿದ್ದು ಯಾಕೆ ಎಂದು ನನಗೆ ಗೊತ್ತಿಲ್ಲವೇ? ಮೂರು ಪೆಟ್ಟಿಗೆ ಇದ್ದ ಕಿಟಕಿಯ ಪಕ್ಕದ ಜಾಗಕ್ಕೆ ನನ್ನ ಮಂಚ ಬರಬೇಕಿತ್ತು. ಅಮ್ಮ ಆಸ್ಪತ್ರೆಯಿಂದ ಬಂದವಳು ಗಾಳಿ ಬೆಳಕಲ್ಲಿ ಮಲಗಲಿ, ಮಲಗಿದಲ್ಲಿಂದಲೇ ಕಪ್ಪೆ ನೋಡಲಿ, ಸೋತ ಕೈಯಲ್ಲಿ ಮೂರು ಮೂರು ಪೆಟ್ಟಿಗೆ ತೊಳೆಯುವುದು ತಪ್ಪಲಿ ಎಂದು ನೀನು ಅಂದುಕೊಂಡೆ. ಗಾಜಿನಂಗಡಿಯವರಿಂದ ಅಳತೆ ಕೊಟ್ಟು ಮಾಡಿಸಿದೆ. ಅಳತೆ ತೆಗೆಯಲು ಅವರು ಮತ್ತೆ ಮತ್ತೆ ಮನೆಗೆ ಬಂದರಂತೆ. ಒಂದು ಪೆಟ್ಟಿಗೆಗೆ ಉದ್ದ, ಅಗಲ, ಎತ್ತರ ಬಿಟ್ಟರೆ ಬೇರೆ ಏನು ಅಳತೆ ಇರುತ್ತದೋ ನನಗೆ ತಿಳಿಯದು. ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಹೇಳಿದೆ. ಆ ಮನುಷ್ಯ ಒಳ್ಳೆಯವರು. ಅಂಚು ಕೈಗೆ ತಾಗದಂತೆ ಉಜ್ಜಿ ಕೊಟ್ಟಿದ್ದಾರೆ, ಫೋಟೋದಲ್ಲೇ ಕಾಣುತ್ತದೆ.

ಈಗ ಹೊಸದರ ಮಾತು. ಅದನ್ನು ಬೇರೆ ಇಡು ಎಂದದ್ದು ಸಿಟ್ಟಿಗಲ್ಲ. ಅಂಗಡಿಯಿಂದ ಬಂದ ಕಪ್ಪೆಯ ಚರ್ಮದಲ್ಲಿ ಕಣ್ಣಿಗೆ ಕಾಣದ ಬೂಷ್ಟು ಇರಬಹುದು. ಅದು ಹೊರಗೆ ಲಕ್ಷಣವಾಗಿಯೇ ಕಾಣುತ್ತದೆ, ಕೆಲವು ವಾರದಲ್ಲಿ ತಾನೂ ಹೋಗಿ ಜೊತೆಯವರನ್ನೂ ಕರೆದುಕೊಂಡು ಹೋಗುತ್ತದೆ. ಆದ್ದರಿಂದ ಅದಕ್ಕೆ ಬೇರೆ ಡಬ್ಬ, ಕೆಳಗೆ ಒದ್ದೆ ಕಾಗದ, ಅದರದೇ ಬಟ್ಟಲು, ಅದರದೇ ಚಿಮಟ. ದಿನಾ ಕಾಗದ ಬದಲಾಯಿಸು. ಎಲ್ಲರಿಗೂ ಹುಳ ಕೊಟ್ಟಾದ ಮೇಲೆ ಕೊನೆಯಲ್ಲಿ ಅದಕ್ಕೆ ಕೊಡು. ಎರಡು ತಿಂಗಳು ಹಾಗೇ ಇರಲಿ. ಉಳಿದವೂ ಈಗಾಗಲೇ ಅದರ ಜೊತೆ ಇದ್ದುಬಿಟ್ಟಿವೆ, ಸೊಪ್ಪುವನ್ನೂ ಒಂಟಿಯಾಗಿಟ್ಟು ಎಲ್ಲದರ ಮೇಲೂ ಕಣ್ಣಿಟ್ಟಿರು. ಊಟ ಬಿಟ್ಟರೆ, ಚರ್ಮ ಪದೇ ಪದೇ ಸುಲಿದರೆ, ಹಗಲಲ್ಲೇ ಕೆಳಗಿಳಿದು ಮಂಕಾಗಿ ಕೂತರೆ ಪ್ರಾಣಿ ಡಾಕ್ಟರ ಹತ್ತಿರ ಹೋಗು. ನಲ್ಲಿ ನೀರನ್ನು ಹಿಡಿದ ಕೂಡಲೇ ಹಾಕಬೇಡ, ಅದರ ಕ್ಲೋರಿನ್ ತೆಗೆಯುವ ಔಷಧಿಯ ಹನಿ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ. ವಾರಕ್ಕೊಮ್ಮೆ ತೂಕ ನೋಡು. ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿದ ಹಾಗೆ ಎಂಬ ಮಾತು ಹುಟ್ಟಿಸಿದವರು ಯಾರೋ ಮುಚ್ಚಳದ ಡಬ್ಬಿ ಕಾಣದವರು. ಒಂದೊಂದನ್ನೇ ಡಬ್ಬಿಯಲ್ಲಿಟ್ಟು ತೂಗಿದರೆ ಯಾವುದೂ ನೆಗೆಯುವುದಿಲ್ಲ.

ಎಲ್ಲ ಸರಿಹೋದ ಮೇಲೆ ಸೊಪ್ಪು ಮತ್ತು ಹೊಸದು, ಅವೆರಡೇ, ದೊಡ್ಡ ಪೆಟ್ಟಿಗೆಯಲ್ಲಿ ಇರಲಿ. ಒಂದೇ ಜಾತಿ, ಒಂದೇ ಗಾತ್ರ, ಒಂದೇ ತೇವ ಸಾಕಾಗುತ್ತದೆ. ಆಗಲೂ ಎರಡು ಬಟ್ಟಲು ಇಡು, ನಡುವೆ ದಟ್ಟವಾಗಿ ಎಲೆ ಇಡು, ಬೇಡವೆನಿಸಿದಾಗ ಒಂದಕ್ಕೊಂದು ಕಾಣಬಾರದು. ಒಂದೊಂದಕ್ಕೂ ಚಿಮಟದಲ್ಲಿ ಹಿಡಿದು ನೀನೇ ತಿನ್ನಿಸು. ಕಪ್ಪೆಗಳು ಜಗಳ ಆಡುವುದು ನಮಗೆ ಕಾಣುವುದಿಲ್ಲ. ಧೈರ್ಯದ್ದು ಮುಂದೆ ಬಂದು ಎಲ್ಲ ತಿನ್ನುತ್ತದೆ, ಅಂಜುಬುರುಕಿ ಮೂಲೆಯಲ್ಲಿ ಸುಮ್ಮನಿದ್ದು ಸುಮ್ಮನೆ ಸಣ್ಣಗಾಗುತ್ತದೆ. ನೋಡಿದವರು ಎಷ್ಟು ಹೊಂದಿಕೊಂಡಿವೆ ಎನ್ನುತ್ತಾರೆ. ಸಾಹುಕಾರ ಮಾತ್ರ ಯಾವತ್ತೂ ಒಂಟಿ. ತ್ರಿಮೂರ್ತಿಗಳು ಅವರವರೇ. ಒಂದೇ ಕೋಣೆಯಲ್ಲಿ ಮೂರು ಪೆಟ್ಟಿಗೆ ಪಕ್ಕಪಕ್ಕ ಇದ್ದರೆ ಅದೂ ಕೂಡಿ ಬಾಳಿದ ಹಾಗೆಯೇ, ನಡುವೆ ಗಾಜು ಇರುತ್ತದೆ ಅಷ್ಟೇ.

ಇಲ್ಲಿ ನಮ್ಮ ವಾರ್ಡಿನಲ್ಲಿ ಐದು ಹಾಸಿಗೆ. ಕಿಟಕಿಯ ಪಕ್ಕದಲ್ಲಿ ಒಬ್ಬರು ನಿವೃತ್ತ ಸಂಗೀತ ಟೀಚರಿದ್ದರು. ಅವರಿಗೂ ಗಂಟಲೇ. ನಾವಿಬ್ಬರೂ ಸ್ಲೇಟು ಬದಲಾಯಿಸಿಕೊಂಡು ಹರಟುತ್ತಿದ್ದೆವು, ಬಳಪ ಸವೆದದ್ದೇ ತಿಳಿಯುತ್ತಿರಲಿಲ್ಲ. ನಾನು ಗಿಣಿಯ ವಿಷಯ ಬರೆದರೆ ಅವರು ನಕ್ಕೂ ನಕ್ಕೂ ಕೆಮ್ಮುತ್ತಿದ್ದರು. ಹೋದ ವಾರ ಒಂದು ಬೆಳಿಗ್ಗೆ ನನ್ನನ್ನು ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದರು. ವಾಪಸ್ ಬಂದಾಗ ಅವರ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಅವರಷ್ಟೇ ವಯಸ್ಸಿನ, ಅವರಷ್ಟೇ ಸಣಕಲು ಹೆಂಗಸೊಬ್ಬರನ್ನು ಮಲಗಿಸಿದ್ದರು. ಟೀಚರು ಎಲ್ಲಿ ಎಂದು ಬರೆದು ತೋರಿಸಿದೆ. ನರ್ಸು "ಮನೆಗೆ ಹೋದ್ರು ಅಮ್ಮ" ಎಂದು ನನ್ನ ದಿಂಬು ಸರಿ ಮಾಡಿದಳು. ಮನೆಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗುತ್ತಾರೆಯೇ? ಮಂಚದ ಕೆಳಗೆ ಚಪ್ಪಲಿ ಹಾಗೇ ಇತ್ತು. ನನ್ನನ್ನು ಸಮಾಧಾನದಲ್ಲಿಡಲೆಂದೇ ಹೇಳಿದಳು, ಒಳ್ಳೆಯ ಹುಡುಗಿ. ಆದರೆ ಅವತ್ತು ನನಗೆ ಆದ ಸಂಕಟ ಹೇಳತೀರದು. ಸತ್ತರು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅದೇ ಜಾಗದಲ್ಲಿ ಇನ್ನೊಬ್ಬರು ಇರುವುದನ್ನು ನೋಡುತ್ತ ಯಾರಿಗೆಂದು ಅಳಲಿ? ಆ ಹೊಸಬರದೇನು ತಪ್ಪು? ನಾನು ಅವರತ್ತ ಒಂದು ಸಲವೂ ನಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ ಮಗಳೇ, ಗಿಣಿಯ ಜಾಗವನ್ನು ಸ್ವಲ್ಪ ದಿನ ಖಾಲಿ ಬಿಡು. ಹೋದದ್ದು ಹೋಯಿತು ಎಂದು ಹೇಳು, ನನ್ನ ಹತ್ತಿರ ಹೇಳು, ನಿನ್ನ ಹತ್ತಿರವೂ ಹೇಳಿಕೋ. ನನಗೆ ದುಃಖವಾಗುತ್ತದೆ ಎಂದು ಡಾಕ್ಟರು ಹೆದರಿಸಿದರೇನೋ. ಆಗಲಿ ಬಿಡು, ದುಃಖ ಪಡುವ ಶಕ್ತಿ ನನಗಿನ್ನೂ ಇದೆ. ಹೊಸ ಕಪ್ಪೆಗೆ ಅದರದೇ ಒಂದು ಹೆಸರಿಡು. ಇನ್ನೊಬ್ಬರ ಹೆಸರು ಹೊತ್ತು ಕೂರುವ ಗ್ರಹಚಾರ ಅದಕ್ಕೆ ಯಾಕೆ? ನಿಮ್ಮಪ್ಪ ಹೋದಾಗ ನೀನು ಅವರ ಕುರ್ಚಿಯಲ್ಲಿ ಕೂತು, ಅವರ ಹಾಗೆಯೇ ಕಾಲು ಅಲ್ಲಾಡಿಸಿ ನನ್ನನ್ನು ನಗಿಸಲು ನೋಡಿದ್ದೆ. ಆಗ ನೀನು ಚಿಕ್ಕವಳು, ನಾನು ನಕ್ಕೆ. ಈಗ ನೀನು ದೊಡ್ಡವಳು. ಖಾಲಿ ಜಾಗವನ್ನು ನೋಡುತ್ತ ಕೂರುವುದೂ ಒಂದು ಕೆಲಸ, ಅದನ್ನು ಕಲಿಯಬೇಕು.

ನನ್ನ ವಿಷಯ. ಶನಿವಾರ ದೊಡ್ಡ ಡಾಕ್ಟರು ಮಂಚದ ಮೇಲೇ ಕೂತು ಮಾತಾಡಿದರು. ಗಂಟಲಿಗೆ ಕರೆಂಟು ಕೊಡುವುದು ಇನ್ನು ಸಾಕು, ನಿಲ್ಲಿಸೋಣ ಎಂದರು. ಚಿಕ್ಕಮ್ಮ ಖುಷಿಯಿಂದ ಅವರಿಗೆ ಕೈ ಮುಗಿದಳು. ಏನಾದರೂ ಕೇಳುವುದಿದೆಯಾ ಎಂದು ಅವರು ಸ್ಲೇಟನ್ನು ನನ್ನ ಮುಂದೆ ಹಿಡಿದರು. ನಾನು ‘ಇಲ್ಲ’ ಎಂದು ಬರೆದೆ. ನೋವಿಗೆ ಒಳ್ಳೆಯ ಮಾತ್ರೆ ಕೊಟ್ಟಿದ್ದಾರೆ, ನಿದ್ದೆ ಬರುತ್ತದೆ. ಯೋಚನೆ ಮಾಡಬೇಡ.

ನೀನು ತಿಂಗಳ ಕೊನೆಗೆ ರಜೆ ಹಾಕಿ ಬರುತ್ತೇನೆ ಎಂದಿದ್ದೆ. ಅಷ್ಟು ದಿನ ಯಾಕೆ, ಈ ವಾರವೇ ಬಾ. ಸುಮ್ಮನೆ, ನಿನ್ನನ್ನು ನೋಡಬೇಕು ಅನ್ನಿಸಿದೆ. ತಲೆ ಬಾಚಿಸಿಕೊಳ್ಳಬೇಕು, ಚಿಕ್ಕಮ್ಮ ಬಾಚಿದರೆ ಕೂದಲಿನ ಜೊತೆ ತಲೆಯೂ ಕಿತ್ತು ಬರುತ್ತದೆ. ಕಪ್ಪೆಗಳನ್ನು ಗಾಜಿನಂಗಡಿಯವರಿಗೆ ಒಪ್ಪಿಸಿ ಬಾ, ಅವರಿಗೆ ಈ ಕಾಗದವನ್ನೇ ಓದಲು ಕೊಡು, ಅಳತೆಯ ವಿಷಯವನ್ನು ಮಾತ್ರ ಮಡಚಿ ಕೊಡು. ಬರುವ ಮುಂಚೆ ಒಂದು ಕೆಲಸ ಮಾಡು. ಹಳೆಯ ಮೂರು ಪೆಟ್ಟಿಗೆಗಳನ್ನೂ ಅಟ್ಟದಿಂದ ಇಳಿಸಿ ಕಿಟಕಿಯ ಪಕ್ಕದಲ್ಲಿ ಮೊದಲಿನ ಹಾಗೇ ಇಡು. ಜಾಗ ಸಾಲದಿದ್ದರೆ ಮಂಚ ತೆಗೆದು ಹಾಕು. ನನಗೆ ಒಳಗಿನ ಕೋಣೆಯೇ ಅಭ್ಯಾಸ, ಅಲ್ಲೇ ಮಲಗಿಕೊಳ್ಳುತ್ತೇನೆ.

ಕೈ ಸೋಲುತ್ತಿದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು, ಫೋನಿನಲ್ಲಿ ಎಲ್ಲ ಸರಿಯಾಗಿ ಹೇಳಿದೆ, ಒಂದಕ್ಷರ ಬಿಡಲಿಲ್ಲ ಎಂದು ಇಡೀ ವಾರ್ಡಿಗೆ ಸಾರುತ್ತಿದ್ದಾಳೆ. ನೀನು ಅತ್ತೆಯಂತೆ. ಅಳು. ಗಿಣಿ ಅಳುವಷ್ಟು ಒಳ್ಳೆಯದಾಗಿತ್ತು.

ನಿನ್ನನ್ನು ಹೆತ್ತು, ಬೈದು, ಮುದ್ದು ಮಾಡಿದ

ಅಮ್ಮ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ನಿನಗೆ ಇಷ್ಟುದ್ದ ಬುದ್ಧಿ ಹೇಳಿ ನಾನೇ ಮುಚ್ಚಿಟ್ಟುಕೊಂಡರೆ ಸರಿಯಾಗುವುದಿಲ್ಲ. ವಾಪಸ್ ಪ್ರಯಾಣಕ್ಕೆ ನಮ್ಮಿಬ್ಬರಿಗೂ ಈಗಲೇ ಟಿಕೆಟ್ ತೆಗೆದಿಡಲೇ ಎಂದು ಚಿಕ್ಕಮ್ಮನ ಹತ್ತಿರ ಕೇಳಿದೆಯಂತೆ. ಒಂದೇ ತೆಗೆ. ಕಿಟಕಿ ಪಕ್ಕದ ಸೀಟು ಕೇಳು, ಬಸ್ಸಿನಲ್ಲಿ ನಿನಗೆ ಹೊಟ್ಟೆ ತೊಳಸುತ್ತದೆ.